ಇರುವೆ ಭಾಷೆಗೆ ನಾನು ಬರೆದ ಸಾಣಿಗೆ

ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಂಗಳಲ್ಲಿ ಒಂದೂ ತಪ್ಪಿಲ್ಲದೆ ಕೆಲಸ ಮಾಡಿದ್ದು ಒಂದೇ. ಮೂವತ್ತೆಂಟು ಸಾಲಿನದು. ಅದು ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡಿತು, ಮತ್ತು ಅದರಿಂದಾಗಿ ನನಗಿದ್ದ ಒಬ್ಬಳೇ ಗೆಳತಿಯನ್ನು ನಾನು ಕಳೆದುಕೊಂಡೆ. ಇದನ್ನು ಹೇಳಿದರೆ ಜನ ನಗುತ್ತಾರೆ. ಪ್ರೋಗ್ರಾಂನಿಂದ ಯಾರಾದರೂ ಗೆಳತಿಯನ್ನು ಕಳೆದುಕೊಳ್ಳುತ್ತಾರೆಯೇ ಟೀಚರ್, ಅಂತ. ನಗಲಿ. ನಾನು ಮಾತ್ರ ಅದನ್ನು ನೆನೆದು ಒಂದು ದಿನವೂ ನಕ್ಕಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ವಯಸ್ಸು ಇಪ್ಪತ್ತೇಳು. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಕಾಣುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾಳೆ ಎಂಬ ಕೀರ್ತಿ ನಮ್ಮ ಓಣಿ ದಾಟಿ ಬೇರೆ ಊರುಗಳಿಗೂ ಹೋಗಿತ್ತು. ಅಪ್ಪ ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದವನು, ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ನಾನು, ಅವ್ವ, ಅಪ್ಪ ಹೋದ ಮೇಲೆ ಯಾರೂ ಮಲಗದ ಒಂದು ಕೋಣೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಇದೆ, ಆದರೆ ಈಗ ಅದನ್ನು ಕಂಡರೆ ನನಗೇ ಹೆದರಿಕೆ.

ಆ ಹೊತ್ತಿನಲ್ಲಿ ಸರ್ಕಾರ ಕೆಲವು ಹೈಸ್ಕೂಲುಗಳಿಗೆ ಕಂಪ್ಯೂಟರ್ ಕಳಿಸಿತು. ಈಗಿನ ಹಾಗಲ್ಲ, ಟಿ.ವಿ.ಗೆ ಜೋಡಿಸಬೇಕಾದ ಒಂದು ಕೀಲಿಮಣೆ, ಬರೆದದ್ದನ್ನು ಉಳಿಸಿಕೊಳ್ಳಲು ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್. ಅದನ್ನು ಕಲಿಯಲು ಜಿಲ್ಲೆಯ ಮಾಸ್ತರುಗಳಿಗೆಲ್ಲ ರಾಯಚೂರಿನಲ್ಲಿ ಎರಡು ವಾರದ ತರಬೇತಿ ಇಟ್ಟರು. ಮೂವತ್ತು ಜನ ಗಂಡಸರು, ಇಬ್ಬರು ಹೆಂಗಸರು. ಇನ್ನೊಬ್ಬಳು ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಮಸರಕಲ್ ಊರಿನವಳು. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದ್ದರು. ಗೋಡೆಯ ಮೇಲೆ ಬುದ್ಧನ ಪಟವಿದ್ದ ಆ ಮನೆಯಿಂದ ಸಂಬಳದ ಕೆಲಸಕ್ಕೆ ಹೋದವಳು ಅವಳೇ ಮೊದಲು. ಮೊದಲನೆಯ ದಿನವೇ ನನ್ನ ಪಕ್ಕದ ಕುರ್ಚಿಗೆ ಬಂದು, "ಇಲ್ಲಿ ಕೂಡ್ಲೇನು? ಆ ಕಡಿ ಎಲ್ಲಾ ಬೀಡಿ ವಾಸನಿ ಅದ" ಅಂದಳು. ಸಂಜೆಯ ಹೊತ್ತಿಗೆ ನಾವಿಬ್ಬರೂ 'ಲೇ' ಎನ್ನುವಷ್ಟು ಹತ್ತಿರವಾಗಿದ್ದೆವು.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಕರೆದುಕೊಂಡು ಹೋದೆ. ಅವ್ವ ಪ್ರೀತಿಯಿಂದಲೇ ಬಡಿಸಿದಳು. ಆದರೆ ಅವಳಿಗೆ ನೀರು ಕೊಟ್ಟ ಲೋಟವನ್ನು ತೊಳೆದು ಒಳಗೆ ಇಡಲಿಲ್ಲ, ಕಿಟಕಿಯ ಮೇಲೆ ಬೇರೆಯಾಗಿ ಬೋರಲು ಹಾಕಿದಳು. ನಾನು ನೋಡಿದೆ. ಅವಳೂ ನೋಡಿದಳು. ಆ ದಿನ ನಾನು ಅವ್ವನ ಜೊತೆ ದೊಡ್ಡ ಜಗಳ ಮಾಡಿ ಆ ಲೋಟದಲ್ಲೇ ನೀರು ಕುಡಿದೆ. ಆದರೆ ಜಗಳ ಮಾಡಿದ್ದು ಅವಳು ಹೋದ ಮೇಲೆ. ಅವಳಿಗೆ ಅದು ಗೊತ್ತಾಗಲೇ ಇಲ್ಲ, ನಾನೂ ಹೇಳಲಿಲ್ಲ.

ತರಬೇತಿಯ ಮಾಸ್ತರು ದಿನವೂ ಬೋರ್ಡಿನ ಮೇಲೆ ಕಂಪ್ಯೂಟರಿಗೆ ಹೇಳಬೇಕಾದ ಶಬ್ದಗಳನ್ನು ಬರೆಯುತ್ತಿದ್ದರು. ಪಟ್ಟಿ ಮುಗಿಯುತ್ತಲೇ ಇರಲಿಲ್ಲ. ಮೂರನೆಯ ದಿನ ಅವಳು ಎದ್ದು ನಿಂತು ಕೇಳಿದಳು: "ಸರ್, ಇಷ್ಟೆಲ್ಲಾ ಶಬ್ದ ಯಾಕ ಬೇಕ್ರೀ? ಭಾಳ ಅಂದ್ರ ಭಾಳ ಕಡಿಮಿ ಅಂದ್ರ ಎಷ್ಟರಾಗ ನಡೀತದ?" ಮಾಸ್ತರು, "ಅದು ಸಿಲಬಸ್‌ನಾಗ ಇಲ್ಲಮ್ಮ, ಕೂಡು" ಅಂದರು. ಮರುದಿನ ಬೆಳಿಗ್ಗೆ ಅವಳು ನೋಟುಬುಕ್ಕಿನ ಹಿಂದಿನ ಪುಟ ತೆಗೆದು ತೋರಿಸಿದಳು. ಏಳು ಗುರುತು. ಇಷ್ಟರಲ್ಲೇ ನಡೆಯುತ್ತದೆ ಅಂದಳು.

ಅವಳು ಮಾಡಿದ ಭಾಷೆ ಹೀಗಿತ್ತು. ಸಾಲಾಗಿ ಡಬ್ಬಿಗಳು, ಒಂದೊಂದು ಡಬ್ಬಿಯಲ್ಲಿ ಒಂದು ಸಂಖ್ಯೆ. ಡಬ್ಬಿಗಳ ಮೇಲೆ ಒಂದು ಇರುವೆ. ಒಂದು ಗುರುತಿಗೆ ಇರುವೆ ಬಲಕ್ಕೆ ಹೋಗುತ್ತದೆ, ಇನ್ನೊಂದಕ್ಕೆ ಎಡಕ್ಕೆ. ಕೂಡಿಸುವ ಗುರುತಿಗೆ ಡಬ್ಬಿಯಲ್ಲಿ ಒಂದು ಹಾಕುತ್ತದೆ, ಕಳೆಯುವ ಗುರುತಿಗೆ ಒಂದು ತೆಗೆಯುತ್ತದೆ. ಚುಕ್ಕಿ ಇಟ್ಟರೆ ಡಬ್ಬಿಯಲ್ಲಿರುವುದನ್ನು ಟಿ.ವಿ.ಯಲ್ಲಿ ತೋರಿಸುತ್ತದೆ. ಇನ್ನೆರಡು ಕಂಸಗಳು: ಅವುಗಳ ನಡುವಿನ ಕೆಲಸವನ್ನು ಡಬ್ಬಿ ಖಾಲಿಯಾಗುವ ತನಕ ಮತ್ತೆ ಮತ್ತೆ ಮಾಡು. ಅಷ್ಟೇ. ಈ ಏಳನ್ನು ಬಿಟ್ಟು ಬೇರೆ ಏನು ಬರೆದರೂ ಇರುವೆ ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. "ಅದಕ್ಕ ಕಾಣೋದೇ ಇಲ್ಲ" ಅಂದಳು. ಇಂಥ ಚೇಷ್ಟೆಯ ಭಾಷೆಗಳನ್ನು ಬೇರೆ ದೇಶಗಳಲ್ಲೂ ಜನ ಮಾಡಿದ್ದಾರೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಮಸರಕಲ್ಲಿನ ಹುಡುಗಿಯೊಬ್ಬಳು ಮಾಡಿದ್ದಳೆಂದು ಯಾವ ಪುಸ್ತಕದಲ್ಲೂ ಇಲ್ಲ.

ತರಬೇತಿ ಮುಗಿದು ಅವಳು ದೇವದುರ್ಗಕ್ಕೆ ಹೋದಳು, ನಾನು ನನ್ನ ಶಾಲೆಗೆ. ಕ್ಯಾಸೆಟ್ ಓಡಾಟ ಶುರುವಾಯಿತು. ನಮ್ಮ ಕಡೆ ಊರಿಂದ ಊರಿಗೆ ಏನಾದರೂ ಕಳಿಸಬೇಕಾದರೆ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ರೂಢಿ. ಬುತ್ತಿ, ಔಷಧ, ಹೊಲಿಸಿದ ಕುಪ್ಪಸ, ಎಲ್ಲವೂ ಹಾಗೇ ಹೋಗುತ್ತಿದ್ದವು. ದೇವದುರ್ಗದ ಬಸ್ಸಿನ ಕಂಡಕ್ಟರ್, ವಯಸ್ಸಾದ ಸಾಹೇಬರೊಬ್ಬರು, ನಮ್ಮ ಕ್ಯಾಸೆಟ್ಟನ್ನು ತಮ್ಮ ಖಾಕಿ ಜೇಬಿನಲ್ಲಿಟ್ಟುಕೊಂಡು ಒಯ್ಯುತ್ತಿದ್ದರು. "ಏನೈತ್ರೀ ಮೇಡಮ್ಮಾ ಇದರಾಗ, ಹಾಡಾ?" ಅಂತ ಕೇಳಿದರು ಒಮ್ಮೆ. "ಮಗ್ಗಿ" ಅಂದೆ. ಅವರಿಗೆ ನಾನು ತಮಾಷೆ ಮಾಡಿದೆ ಅನ್ನಿಸಿತು. ಆದರೆ ಅದು ನಿಜ. ಒಂದರಿಂದ ಇಪ್ಪತ್ತರ ತನಕ ಮಗ್ಗಿಯನ್ನು ಟಿ.ವಿ.ಯ ಮೇಲೆ ತೋರಿಸುವ ಪ್ರೋಗ್ರಾಂ ಒಂದನ್ನು ನಾವಿಬ್ಬರೂ ಸೇರಿ ಇರುವೆಯ ಭಾಷೆಯಲ್ಲಿ ಬರೆಯುತ್ತಿದ್ದೆವು. ಒಂದು ವಾರ ಅವಳು ಅಷ್ಟು ಬರೆದು ಕಳಿಸುವುದು, ಮರುವಾರ ನಾನು ಮುಂದುವರಿಸಿ ಅದರ ಮೇಲೇ ರೆಕಾರ್ಡ್ ಮಾಡಿ ವಾಪಸು ಕಳಿಸುವುದು. ಕ್ಯಾಸೆಟ್ಟು ಒಂದೇ, ಪ್ರೋಗ್ರಾಂ ಒಂದೇ.

ಮೊದಲ ಸಲವೇ ಅವಳು ಗುರುತುಗಳ ನಡುವೆ ಮಾತು ತುರುಕಿದ್ದಳು. ಇರುವೆಗೆ ಕಾಣುವುದಿಲ್ಲವಲ್ಲ! ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಐದು ಕೂಡಿಸುವ ಗುರುತು, ಆಮೇಲೆ 'ಇವತ್ತು ಹೆಡ್‌ಮಾಸ್ಟರು ಕಂಪ್ಯೂಟರಿಗೆ ಚಪ್ಪಲಿ ಬಿಟ್ಟು ಬರ್ರಿ ಅಂದ್ರು', ಆಮೇಲೆ ಒಂದು ಕಂಸ. ಚುಕ್ಕಿ ಹಾಕಿದರೆ ಇರುವೆ ಅದನ್ನು ಕೆಲಸವೆಂದು ತಿಳಿದು ಏನೋ ತೋರಿಸಿಬಿಡುತ್ತದೆ. ಆದ್ದರಿಂದ ಅವಳ ಮಾತಿಗೆ ಪೂರ್ಣವಿರಾಮವೇ ಇರುತ್ತಿರಲಿಲ್ಲ, ಉಸಿರು ತೆಗೆದುಕೊಳ್ಳದೆ ಓಡುತ್ತಿತ್ತು. ನಾನೂ ಹಾಗೇ ಉತ್ತರ ಬರೆಯುತ್ತಿದ್ದೆ. ಆ ತಿಂಗಳುಗಳಲ್ಲಿ ನಾನು ಎಷ್ಟು ಖುಷಿಯಾಗಿದ್ದೆನೆಂದರೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಏನಾದರೂ ಅಂದರೂ ಸಿಟ್ಟು ಬರುತ್ತಿರಲಿಲ್ಲ.

ಆಯುಧಪೂಜೆಯ ದಿನ ನಮ್ಮ ಶಾಲೆಯಲ್ಲಿ ಕಂಪ್ಯೂಟರಿಗೂ ಪೂಜೆ ಮಾಡಿದರು. ಬೇಡವೆಂದು ಎಷ್ಟು ಹೇಳಿದರೂ ಕೇಳದೆ ಕೀಲಿಮಣೆಗೆ ಅರಿಷಿಣ ಕುಂಕುಮ ಹಚ್ಚಿ, ಎದುರಿಗೆ ತೆಂಗಿನಕಾಯಿ ಒಡೆದರು, ಅದರ ನೀರು ಎರಡು ಹನಿ ಮೇಲೆ ಸಿಡಿಯಿತು. ಮರುದಿನದಿಂದ ಕೂಡಿಸುವ ಗುರುತಿನ ಕೀಲಿ ಕಚ್ಚಿಕೊಂಡಿತು. ಇರುವೆಯ ಭಾಷೆಯಲ್ಲಿ ಆ ಗುರುತು ಇಲ್ಲದೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವ ಹಾಗಿಲ್ಲ. ಇಂಗ್ಲಿಷಿನ ಮೊದಲ ಅಕ್ಷರ ಒಂದನ್ನು ಟಿ.ವಿ.ಯಲ್ಲಿ ತೋರಿಸಬೇಕಾದರೂ ಡಬ್ಬಿಯಲ್ಲಿ ಅರವತ್ತೈದು ಇರಬೇಕು, ಅಂದರೆ ಅರವತ್ತೈದು ಸಲ ಆ ಕೀಲಿಯನ್ನು ಗುದ್ದಬೇಕು. ನನ್ನ ಬೆರಳು ನೋಯುತ್ತಿತ್ತು.

ಆಗ ಹುಟ್ಟಿದ್ದು ಸಾಣಿಗೆ. ಇರುವೆಗೆ ಪ್ರೋಗ್ರಾಂ ಕೊಡುವ ಮೊದಲು ಅದನ್ನು ಒಮ್ಮೆ ಸೋಸಿ ಹದ ಮಾಡಿಕೊಡುವ ಇನ್ನೊಂದು ಪುಟ್ಟ ಪ್ರೋಗ್ರಾಂ. ಹಿಟ್ಟನ್ನು ಸಾಣಿಗೆ ಹಿಡಿದು ಆಮೇಲೆ ನಾದುತ್ತೇವಲ್ಲ, ಹಾಗೆ. ಇಂಥದ್ದಕ್ಕೆ ಪ್ರೀಪ್ರೊಸೆಸರ್ ಎನ್ನುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. ಅರವತ್ತೈದು ಎಂಬ ಅಂಕಿ ಬರೆದು ಮುಂದೆ ಒಂದೇ ಒಂದು ಕೂಡಿಸುವ ಗುರುತು ಹಾಕಿದರೆ ಸಾಕು, ಸಾಣಿಗೆ ಅದನ್ನು ಅರವತ್ತೈದು ಗುರುತುಗಳಾಗಿ ಬಿಡಿಸಿ ಇರುವೆಯ ಮುಂದೆ ಇಡುತ್ತಿತ್ತು. ಮತ್ತೆ ಮತ್ತೆ ಬರುವ ಕೆಲಸಗಳಿಗೆ ಒಂದೊಂದು ಅಕ್ಷರವನ್ನು ಅಡ್ಡಹೆಸರಾಗಿ ಇಟ್ಟೆ. ಡಿ ಎಂದರೆ ಡಬ್ಬಿ ಖಾಲಿ ಮಾಡು. ಎಮ್ ಎಂದರೆ ಮುಂದಿನ ಡಬ್ಬಿಗೆ ಸುರಿ. ಬರೆದು ಮುಗಿಸಿದ ದಿನ ಯಾರೋ ಬಂದು ಹೂಮಾಲೆ ಹಾಕುತ್ತಾರೇನೋ ಎಂಬಂತೆ ತಲೆ ಎತ್ತಿಕೊಂಡು ಮನೆಗೆ ಹೋದೆ. ಅವಳಿಗೂ ಒಂದು ಪ್ರತಿ ಕಳಿಸಿದೆ.

ದೀಪಾವಳಿ ಮುಗಿದ ಮೇಲೆ ಮಾನ್ವಿಗೆ ಕೊಟ್ಟಿದ್ದ ಅವಳ ಅಕ್ಕ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಎರಡು ವರ್ಷದ ಒಂದು ಹೆಣ್ಣುಮಗು, ಹುಟ್ಟಿ ನಾಲ್ಕು ದಿನವಾದ ಒಂದು ಗಂಡು ಕೂಸು. ಭಾನುವಾರ ಮಸರಕಲ್ಲಿಗೆ ಹೋದೆ. ಅಂಗಳದಲ್ಲಿ ಕೂತ ಹೆಂಗಸರು ಅತ್ತು ಸುಧಾರಿಸಿಕೊಂಡು, ಮಕ್ಕಳ ಗತಿ ಏನು ಎಂಬ ಮಾತು ತೆಗೆದಿದ್ದರು. "ಚಿಕ್ಕಾಕಿ ಅದಾಳಲ್ಲವ್ವಾ" ಅಂದಳು ಒಬ್ಬಳು. ಉಳಿದವರು ತಲೆಯಾಡಿಸಿದರು. ಅಷ್ಟರಲ್ಲೇ ತೀರ್ಮಾನ ಆಗಿಹೋದಂತಿತ್ತು. ಅಕ್ಕ ಸತ್ತರೆ ತಂಗಿಯನ್ನು ಭಾವನಿಗೇ ಕೊಡುವುದು ನಮ್ಮ ಕಡೆ ಹೊಸತಲ್ಲ. ಮಕ್ಕಳಿಗೆ ಮಲತಾಯಿ ಬರುವುದಕ್ಕಿಂತ ಚಿಕ್ಕವ್ವ ಬರಲಿ ಅಂತ.

ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಅವಳು ಹೇಳಿದಳು: "ಅಕ್ಕನ ಮಕ್ಕಳನ್ನ ನಾ ನೋಡ್ಕೋತೀನಿ ಲೇ. ಇಲ್ಲಿ ಕರ್ಕೊಂಡು ಬಂದು ಸಾಕ್ತೀನಿ. ಅಕ್ಕನ ಗಂಡನ್ನೂ ನೋಡ್ಕೋ ಅಂದ್ರ ಮಾತ್ರ ನನ್ನ ಕೈಲಿ ಆಗಲ್ಲ."

"ಹಂಗಂತ ಹೇಳು ಮತ್ತ" ಅಂದೆ, ಹೇಳುವುದು ಬಹಳ ಸುಲಭವೆನ್ನುವ ಹಾಗೆ.

"ಹೇಳೀನಿ. ಕೇಳೋರು ಯಾರದಾರ?" ಅಂದಳು. ಆಮೇಲೆ ದನಿ ಇಳಿಸಿದಳು. "ನೀ ಕಾಗದ ಗೀಗದ ಬರೀಬ್ಯಾಡ. ಮನಿಗೆ ಬಂದ್ರ ಅಣ್ಣ ಒಡದು ಓದ್ತಾನ. ಸಾಲಿಗೆ ಬಂದ್ರ ಹೆಡ್‌ಮಾಸ್ಟರು ಒಡೀತಾರ. ಏನಿದ್ರೂ ನಾ ಇರಿವಿ ನಡುವ ಬರೀತೀನಿ. ಅದನ್ನ ನೀ ಒಬ್ಬಾಕಿನ ಓದಾಕಿ."

ನಾನು ಹೂಂಗುಟ್ಟಿದೆ. ಇದನ್ನು ಮುಚ್ಚಿಡುವುದಿಲ್ಲ. ಅವಳು ಹೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ.

ಅದಾದ ಮೇಲೆ ಮೂರು ಸಲ ಕ್ಯಾಸೆಟ್ ಬಂತು. ಮದುವೆಯ ಸುದ್ದಿ ಇರಲಿಲ್ಲ. ಕೂಸಿಗೆ ಜ್ವರ ಬಂದದ್ದು, ಅವ್ವ ಊಟ ಬಿಟ್ಟದ್ದು, ಇಷ್ಟೇ. ಗಂಡಾಂತರ ಕಳೆಯಿತು ಅಂದುಕೊಂಡೆ. ನಾಲ್ಕನೆಯ ಸಲ ಅವಳು ನನ್ನ ಸಾಣಿಗೆಯ ತಪ್ಪು ಹಿಡಿದಿದ್ದಳು. ನಾನು ಅಡ್ಡಹೆಸರಾಗಿ ಇಟ್ಟ ಅಕ್ಷರಗಳು ಅವಳ ಮಾತಿನಲ್ಲೂ ಬರುತ್ತಿದ್ದವಲ್ಲ! ಅವಳು ದೇವದುರ್ಗ ಎಂದು ಬರೆದರೆ ಸಾಣಿಗೆ ಅದರಲ್ಲಿ ಎರಡು ಡಿ ಕಂಡು, ಎರಡು ಸಲ ಡಬ್ಬಿ ಖಾಲಿ ಮಾಡಿಸುತ್ತಿತ್ತು. ಹದಿನೆಂಟರ ಮಗ್ಗಿ ಹೋಗಿ ಟಿ.ವಿ. ತುಂಬ ಹುಚ್ಚುಚ್ಚಾದ ಗುರುತುಗಳು. 'ನಾ ಮಾತಾಡಿದ್ದನ್ನೂ ನಿನ್ನ ಸಾಣಿಗಿ ದುಡಿಮಿ ಅಂತ ತಿಳಕೊಂಡದ ಲೇ' ಎಂದು ಬರೆದಿದ್ದಳು. ತಪ್ಪು ನನ್ನದೇ, ಸಣ್ಣ ತಪ್ಪು, ತಿದ್ದಿದರೆ ಮುಗಿಯಿತು. ತಿದ್ದುತ್ತೇನೆ ಎಂದು ಬರೆದು ಕ್ಯಾಸೆಟ್ ವಾಪಸು ಕಳಿಸಿದೆ. ಆದರೆ ಅದೇ ವಾರ ರಾಯಚೂರಿನಲ್ಲಿ ಕಂಪ್ಯೂಟರ್ ಟೀಚರುಗಳ ಸಭೆ ಇತ್ತು. ಅಲ್ಲಿ ಅವಳು ಇದನ್ನು ಎಲ್ಲರ ಮುಂದೆ ರಸವತ್ತಾಗಿ ಹೇಳಿದಳು. ನನ್ನನ್ನು ಹೊಗಳುತ್ತಲೇ ಹೇಳಿದಳು ಎಂಬುದು ಈಗ ನೆನಪಾಗುತ್ತದೆ. ಆಗ ಕಿವಿಗೆ ಬಿದ್ದದ್ದು ಮೂವತ್ತು ಗಂಡಸರ ನಗು ಮಾತ್ರ. ನನಗೆ ಮೈಯೆಲ್ಲ ಉರಿದುಹೋಯಿತು.

ಸಭೆ ಮುಗಿದ ಮೇಲೆ ಅವಳು ಬಂದು ನನ್ನ ಕೈ ಹಿಡಿದಳು. ಅವಳ ಅಣ್ಣ ಗೇಟಿನ ಹೊರಗೆ ನಿಂತಿದ್ದ, ಅವಳನ್ನು ಕರೆದುಕೊಂಡು ಬಂದವನು ಅವನೇ. "ಬಾ, ಒಳಗ ಕ್ಯಾಂಟೀನಿನಾಗ ಚಾ ಕುಡಿಯೋಣ. ಮಾತಾಡೋದದ" ಅಂದಳು.

"ನನಗ ಕೆಲಸ ಅದ" ಅಂದೆ. ಕೈ ಬಿಡಿಸಿಕೊಂಡು ಹೊರಟೆ. ಕೆಲಸವೇನೂ ಇರಲಿಲ್ಲ. ಮುಖ ಊದಿಸಿಕೊಂಡು ತಿರುಗುವುದೇ ನನ್ನ ಕೆಲಸವಾಗಿತ್ತು.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಕೂತು ಸಾಣಿಗೆಯನ್ನು ಹೊಸದಾಗಿ ಬರೆದೆ. ಮೊದಲಿನದರ ಅರ್ಧದಷ್ಟು ಚಿಕ್ಕದು, ಮೂವತ್ತೆಂಟು ಸಾಲು. ಈ ಸಲ ನನ್ನ ಅಡ್ಡಹೆಸರುಗಳ ಹಿಂದೆ ಒಂದು ವಿಶೇಷ ಗುರುತು ಇರಲೇಬೇಕು ಅಂತ ಮಾಡಿದೆ. ಆ ಗುರುತಿಲ್ಲದ ಅಕ್ಷರ, ಶಬ್ದ, ಸಾಲು ಏನಿದ್ದರೂ ಸಾಣಿಗೆ ಅದನ್ನು ಎಸೆದುಬಿಡುತ್ತದೆ. ಇರುವೆಗೆ ಬೇಕಾದ್ದು ಮಾತ್ರ ಉಳಿಯುತ್ತದೆ. ಕಾರಣ ಕೇಳಿದರೆ ಒಳ್ಳೆಯ ಕಾರಣವೇ ಇತ್ತು: ಆ ಕಂಪ್ಯೂಟರಿನಲ್ಲಿ ಜಾಗ ಕಡಿಮೆ, ಟೇಪಿನಿಂದ ಓದಿಸಲು ನಿಮಿಷಗಟ್ಟಲೆ ಬೇಕು, ಮಾತೆಲ್ಲ ತೆಗೆದರೆ ಪ್ರೋಗ್ರಾಂ ಹಗುರ. ನಿಜವಾದ ಕಾರಣ ಅದಲ್ಲ. ನನ್ನ ತಪ್ಪು ಹಿಡಿದು ನಗುವ ಆ ಮಾತುಗಳೇ ನನಗೆ ಬೇಡವಾಗಿದ್ದವು.

ಸೋಮವಾರ ಸಾಹೇಬರು ಕ್ಯಾಸೆಟ್ ತಂದುಕೊಟ್ಟರು. ಟೇಪ್ ರೆಕಾರ್ಡರಿಗೆ ಹಾಕಿದೆ. ಯಾವಾಗಲೂ ನಾಲ್ಕು ನಿಮಿಷಕ್ಕೆ ಓದಿ ಮುಗಿಸುತ್ತಿದ್ದದ್ದು ಆ ದಿನ ಹತ್ತು ನಿಮಿಷವಾದರೂ ಕಿರ್ರೆನ್ನುತ್ತಲೇ ಇತ್ತು. ಎಷ್ಟು ಹರಟೆ ಹೊಡೆದಿದ್ದಾಳೆ ನೋಡು ಅಂದುಕೊಂಡೆ. ಅವಳು ಬರೆದದ್ದನ್ನು ಟಿ.ವಿ.ಯ ಮೇಲೆ ತರಿಸಿಕೊಳ್ಳಲು ನಾಲ್ಕು ಅಕ್ಷರ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. ಕ್ಷಮೆ ಕೇಳಿ ಬರೆದಿರುತ್ತಾಳೆ, ಇಷ್ಟು ಬೇಗ ಕ್ಷಮಿಸುವ ಮನಸ್ಸಿಲ್ಲ ಎಂಬ ಠೇಂಕಾರ. ನೇರವಾಗಿ ಸಾಣಿಗೆಗೆ ಕೊಟ್ಟೆ. ಅದು ಎರಡು ನಿಮಿಷ ತೆಗೆದುಕೊಂಡು ಮಾತನ್ನೆಲ್ಲ ಎಸೆದು, ಗುರುತುಗಳನ್ನಷ್ಟೇ ಉಳಿಸಿ, ಮುಗಿಯಿತು ಎಂದು ತೋರಿಸಿತು. ಇರುವೆಯನ್ನು ಓಡಿಸಿದೆ. ಹತ್ತೊಂಬತ್ತರ ಮಗ್ಗಿ ಚೂರೂ ತಪ್ಪಿಲ್ಲದೆ ಬಂತು. ಖುಷಿಗೆ ಇನ್ನೊಮ್ಮೆ ಓಡಿಸಿ ನೋಡಿದೆ.

ಯಾವಾಗಲೂ ಮಾಡುತ್ತಿದ್ದ ಹಾಗೆ, ಕ್ಯಾಸೆಟ್ಟಿನಲ್ಲಿ ಅವಳು ಬರೆದ ಜಾಗದ ಮೇಲೇ ಇದನ್ನು ರೆಕಾರ್ಡ್ ಮಾಡಿದೆ. ಡಬ್ಬಿಯೊಳಗೆ ಒಂದು ಚೀಟಿ ಇಟ್ಟೆ. ಹೊಸ ಸಾಣಿಗೆಯ ಸುದ್ದಿಯನ್ನು ಅದರಲ್ಲಿ ಹೇಳಲಿಲ್ಲ, ತಾನೇ ಕಂಡುಹಿಡಿಯಲಿ ಎಂದು. ಬರೆದದ್ದು ಇಷ್ಟು: 'ಬೇಡದ್ದನ್ನೆಲ್ಲ ತೆಗೆದಿದ್ದೇನೆ. ಈಗ ನೋಡು, ಎಷ್ಟು ಸ್ವಚ್ಛವಾಗಿದೆ.'

ಮರುವಾರ ಕ್ಯಾಸೆಟ್ ಬರಲಿಲ್ಲ. ಅದರ ಮರುವಾರವೂ ಇಲ್ಲ. ಅವಳಿಗೂ ಸಿಟ್ಟು ಬಂದಿದೆ, ಬರಲಿ ಅಂದುಕೊಂಡೆ. ಒಂದು ತಿಂಗಳ ಮೇಲೆ ತಡೆಯಲಾರದೆ ಬಸ್ ಸ್ಟ್ಯಾಂಡಿಗೆ ಹೋಗಿ ಸಾಹೇಬರನ್ನು ಕೇಳಿದೆ. ಅವರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ನಿಮಗ ಗೊತ್ತಿಲ್ಲೇನ್ರೀ ಮೇಡಮ್ಮಾ? ಅವ್ರದು ಲಗ್ನ ಆತಲ್ರೀ. ಮಾನ್ವಿಗೆ ಹೋದ್ರು. ಸಾಲಿ ಬಿಡಸ್ಯಾರಂತ, ಮಕ್ಕಳನ್ನ ನೋಡೋರು ಬೇಕಲ್ರೀ ಮನಿಯಾಗ."

ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟೇ. ಒಂದು ಮಾತು ಹೇಳಲಿಲ್ಲ, ಕರೆಯಲಿಲ್ಲ, ಅಷ್ಟು ಬೇಗ ಒಪ್ಪಿಬಿಟ್ಟಳು. ಆ ಸಿಟ್ಟನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಜೋಪಾನವಾಗಿ ಸಾಕಿದೆ. ಸಭೆಗಳಲ್ಲಿ ಯಾರಾದರೂ ಅವಳ ಬಗ್ಗೆ ಕೇಳಿದರೆ, "ಆಕಿ ಸಂಸಾರಸ್ಥಳು ಆದಳು" ಎಂದು ಮೂಗು ಮುರಿಯುತ್ತಿದ್ದೆ.

ಮುಂದಿನ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನನ್ನನ್ನು ಮಾನ್ವಿಯ ಕೇಂದ್ರಕ್ಕೆ ಹಾಕಿದರು. ರಾಯಚೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಮೊದಲ ಮೂರು ದಿನ ಬಿಂಕ ಬಿಡಲಿಲ್ಲ. ನಾಲ್ಕನೆಯ ದಿನ ಗಣಿತದ ಪತ್ರಿಕೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಹತ್ತೊಂಬತ್ತರ ಮಗ್ಗಿ ನೆನಪಾಗದೆ ಕಣ್ಣು ಮುಚ್ಚಿಕೊಂಡು ಬೆರಳು ಎಣಿಸುತ್ತಿದ್ದಳು. ಪತ್ರಿಕೆಗಳನ್ನು ಒಪ್ಪಿಸಿ ಮಧ್ಯಾಹ್ನ ಅವಳ ಮನೆ ಹುಡುಕಿಕೊಂಡು ಹೊರಟೆ.

ಸಣ್ಣ ಮನೆ, ಮುಂದೆ ಬೇವಿನ ಗಿಡ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂಸು ಬೆನ್ನಿಗೆ ಜೋತುಬಿದ್ದಿತ್ತು, ದೊಡ್ಡ ಹುಡುಗಿ ಪಕ್ಕದಲ್ಲಿ ಕಲ್ಲು ಆರಿಸುತ್ತಿತ್ತು. ಅವಳು ತಲೆ ಎತ್ತಿದಳು. ನಾನು ಅವಳ ಬಾಯಿಂದ 'ಲೇ' ಬರುತ್ತದೆಂದು ಕಾದೆ.

"ಬರ್ರಿ ಮ್ಯಾಡಂ. ಕೂಡ್ರಿ" ಅಂದಳು. ಚಾಪೆ ಹಾಸಿದಳು, ನೀರು ತಂದು ಕೊಟ್ಟಳು. ಮನೆಯವರು ಸೊಸೈಟಿಗೆ ಹೋಗಿದ್ದಾರೆ ಅಂದಳು. ಭಾವ ಅನ್ನಲಿಲ್ಲ.

ಎರಡು ಗುಟುಕು ನೀರು ಕುಡಿದು ನನ್ನ ಸಿಟ್ಟನ್ನು ಹೊರಗೆ ಹಾಕಿದೆ. "ಲಗ್ನಕ್ಕ ಒಂದು ಮಾತು ಕರೀಲಿಲ್ಲಲ್ಲ ನೀ ನನ್ನ."

"ಕರದಿದ್ನಲ್ರೀ" ಅಂದಳು. "ಲಗ್ನಕ್ಕಲ್ಲ. ಲಗ್ನ ಬಿಡಸಾಕ."

ನನಗೆ ಅರ್ಥವಾಗಲಿಲ್ಲ. ಅವಳು ಮೊರ ಕೆಳಗಿಟ್ಟಳು.

"ಕ್ಯಾಸೆಟ್ ಬಂದದ್ದು ಗುರುವಾರ. ಹೆಡ್‌ಮಾಸ್ಟರ ಖೋಲ್ಯಾಗ ಹಾಕಿದೆ. ಮೂರೇ ನಿಮಿಷದಾಗ ಓದಿ ಮುಗಸ್ತು. ನಾ ಬರದದ್ದು ಅಷ್ಟು ಕಡಿಮಿ ಇರಲಿಲ್ಲ. ನೋಡಿದ್ರ ಒಂದು ಅಕ್ಷರ ಉಳಿಸಿರಲಿಲ್ಲ ನೀವು. ಎಲ್ಲಾ ಅಳಸಿ, ಬರೇ ಇರಿವಿ ಉಳಿಸಿ ಕಳಿಸಿದ್ರಿ. ಮ್ಯಾಲೆ ಚೀಟಿ ಬ್ಯಾರೆ. ಬ್ಯಾಡಾದದ್ದೆಲ್ಲಾ ತಗದೀನಿ ಅಂತ. ಅದಕ್ಕಿಂತ ಏನು ಹೇಳಬೇಕ್ರೀ? ನನಗ ತಿಳೀತು."

"ನಾ ಅಳಸಿಲ್ಲ" ಅಂದೆ. "ಸಾಣಿಗಿ ಅಳಸ್ತು. ಹೊಸಾ ಸಾಣಿಗಿ ಬರದಿದ್ದೆ. ಮಾತೆಲ್ಲಾ ತಗದ ಹಾಕೋ ಅಂಥಾದ್ದು. ನನಗ ನಿನ್ನ ಮ್ಯಾಲೆ ಸಿಟ್ಟಿತ್ತು. ನೀ ಏನು ಬರದಿದ್ದಿ ಅಂತ ನನಗ ಗೊತ್ತೇ ಇಲ್ಲ. ನಾ ಅದನ್ನ ಓದಲೇ ಇಲ್ಲ."

"ಓದಲೇ ಇಲ್ಲ?"

"ಇಲ್ಲ."

ಅವಳು ಬೆನ್ನಿನಿಂದ ಕೂಸನ್ನು ಇಳಿಸಿದಳು. ಅದು ಅಳಲು ಶುರು ಮಾಡಿತು, ದೊಡ್ಡ ಹುಡುಗಿ ಕೈ ಹಿಡಿದು ಗಿಡದ ಕೆಳಗೆ ಕರೆದುಕೊಂಡು ಹೋಯಿತು. ಆಮೇಲೆ ಅವಳು ಪಾಠ ಒಪ್ಪಿಸುವವರ ಹಾಗೆ ನೆಲ ನೋಡುತ್ತ ಹೇಳಿದಳು. ಬರೆದದ್ದು ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು. ಭಾನುವಾರ ನಿಶ್ಚಯ ಮಾಡ್ತಾರ, ಶುಕ್ರವಾರ ಸಾಲಿ ಬಿಟ್ಟಮ್ಯಾಲೆ ಮನಿಗೆ ಹೋಗಲ್ಲ, ರಾಯಚೂರು ಬಸ್ ಹತ್ತಿಬಿಡ್ತೀನಿ, ನಿಮ್ಮಪ್ಪನ ಖೋಲಿ ಆರು ತಿಂಗಳು ಕೊಡು, ಅಷ್ಟರಾಗ ಟ್ರಾನ್ಸ್‌ಫರ್ ಮಾಡಿಸ್ಕೋತೀನಿ, ಸಭಾದ ದಿನ ಹೇಳಬೇಕಂತಿದ್ದೆ ನೀ ನಿಲ್ಲಲಿಲ್ಲ, ನಿಮ್ಮವ್ವನ್ನ ಕೇಳು, ಮಗ್ಗಿ ಮುಗಿದ ಕಡಿ ಹೂಂ ಅಂತ ಒಂದು ಮಾತು ಹಾಕಿ ಕಳಸು.

"ಅರಿವಿ ಗಂಟು ಕಟ್ಟಿ ಸಾಲಿಯಾಗ ಇಟ್ಟಿದ್ದೆ" ಅಂದಳು.

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಈಗ ಅವಳ ಮಾತಿನಲ್ಲಿ ರೀ ಹೋಗಿ ನೀ ಬಂದಿತ್ತು, ಆದರೆ ಅದು ನಾನು ಬಯಸಿದ್ದ ನೀ ಅಲ್ಲ.

"ನೀ ಓದಿ ಬ್ಯಾಡ ಅಂದಿ ಅಂತ ತಿಳಕೊಂಡಿದ್ದೆ. ನಿಮ್ಮವ್ವ ಒಪ್ಪಿರಲಿಕ್ಕಿಲ್ಲ, ನಮ್ಮಂಥಾರನ್ನ ಮನಿಯಾಗ ಇಟ್ಕೊಳ್ಳೋದು ಹೆಂಗ ಅಂದಿರಬೇಕು, ಅದನ್ನ ಹೇಳಾಕ ನಿನಗ ಬಾಯಿ ಬಂದಿರಲಿಕ್ಕಿಲ್ಲ, ಅದಕ್ಕ ಸುಮ್ನ ಅಳಸಿ ಕಳಸೀದಿ ಅಂತ. ಭಾಳ ಅತ್ತೆ. ಆಮ್ಯಾಲೆ ಸಮಾಧಾನ ಮಾಡ್ಕೊಂಡೆ. ಹೋಗಾಕ ಜಾಗಾನೇ ಇರಲಿಲ್ಲ, ಅದಕ್ಕ ಇಲ್ಲಿಗೆ ಬಂದೆ. ದಿನಾ ಮುಂಜಾನೆ ಎದ್ದು ಅದನ್ನ ಹೇಳ್ಕೋತೀನಿ. ಇವು ಎರಡು ಕೂಸಿನ ಮಾರಿ ನೋಡ್ತೀನಿ. ಹಂಗ ನಡದದ."

ನನ್ನ ಮುಖವನ್ನೇ ನೋಡುತ್ತ ಕೇಳಿದಳು: "ಓದಿದ್ರ ಏನಂತಿದ್ದಿ?"

ಆ ಕ್ಷಣದಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಅವ್ವ ಒಪ್ಪುತ್ತಿರಲಿಲ್ಲ, ಬೇಡ ಅಂತಲೇ ಬರೆಯುತ್ತಿದ್ದೆ ಅನ್ನಬಹುದಿತ್ತು. ಅವಳು ನನ್ನನ್ನು ಬೈದುಕೊಂಡು, ತನ್ನ ಸಮಾಧಾನವನ್ನು ಉಳಿಸಿಕೊಂಡು, ಜೋಳ ಹಸನು ಮಾಡಿಕೊಂಡು ಇದ್ದುಬಿಡುತ್ತಿದ್ದಳು. ಆದರೆ ನನಗೆ ಅವಳ ಕಣ್ಣಿನಲ್ಲಿ ಒಳ್ಳೆಯವಳಾಗಬೇಕಿತ್ತು. ಅಷ್ಟೊತ್ತಿನಲ್ಲೂ ಯೋಚಿಸಿದ್ದು ನನ್ನ ಬಗ್ಗೆಯೇ.

"ಹೂಂ ಅಂತಿದ್ದೆ" ಅಂದೆ. "ಅವ್ವನ ಜೊತಿ ಜಗಳಾ ಮಾಡಿಯಾದ್ರೂ ಕರ್ಕೋತಿದ್ದೆ. ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲತಿದ್ದೆ."

ಅವಳ ಮುಖ ಒಡೆದುಹೋದದ್ದನ್ನು ನಾನು ನೋಡಿದೆ. ಅಲ್ಲಿಯ ತನಕ ಅಳದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಮಕ್ಕಳಿಗೆ ಕೇಳಿಸಬಾರದೆಂದು. ನಾನು ಭುಜ ಮುಟ್ಟಲು ಹೋದೆ. ಸರಿದು ಕೂತಳು.

"ಇದನ್ನ ಯಾಕ ಹೇಳಾಕ ಬಂದಿ ನನಗ?" ಅಂದಳು. "ಜಾಗಾ ಇರಲಿಲ್ಲ ಅಂತ ಬದುಕಿದ್ದೆ. ಇನ್ನ ನಾ ಮುಂಜಾನೆ ಎದ್ದು ಏನಂತ ಹೇಳ್ಕೋಬೇಕು?"

ಗಿಡದ ಕೆಳಗಿಂದ ಕೂಸು 'ಅವ್ವಾ' ಎಂದು ಕೂಗಿತು. ಅವಳು ಕಣ್ಣು ಒರೆಸಿಕೊಂಡು ಎದ್ದು, ಅದನ್ನು ಸೊಂಟಕ್ಕೆ ಏರಿಸಿಕೊಂಡಳು. ನಾನೂ ಎದ್ದೆ. ನಮ್ಮ ಕಡೆ ಬಾಗಿಲಿಗೆ ಬಂದ ವೈರಿಯನ್ನೂ 'ಹೋಗಿ ಬರ್ರಿ' ಎಂದೇ ಕಳಿಸುತ್ತಾರೆ. ಅವಳು ಕೂಸಿನ ಮೂಗು ಒರೆಸುತ್ತ, ನನ್ನ ಕಡೆ ನೋಡದೆ, "ಹೋಗ್ರಿ" ಅಂದಳು.